ರಿಪೋರ್ಟಿನಲ್ಲಿ ‘ಹೈ’, ‘ಲೋ’ ಅಂತ ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಬ್ ರಿಪೋರ್ಟು ಈಗ ಡಾಕ್ಟರಿಗಿಂತ ಮೊದಲು ರೋಗಿಯ ಮೊಬೈಲಿಗೆ ಬರುತ್ತದೆ. ರಾತ್ರಿ ವಾಟ್ಸಾಪಿನಲ್ಲಿ ಪಿಡಿಎಫ್ ತೆರೆದರೆ ಎರಡು ಮೂರು ಕಡೆ ದಪ್ಪ ಅಕ್ಷರ, ಪಕ್ಕದಲ್ಲಿ ‘ಹೈ’ ಅಥವಾ ‘ಲೋ’. ಆಮೇಲೆ ಬೆಳಗಿನವರೆಗೂ ನಿದ್ದೆ ಇಲ್ಲ. ಇನ್ನು ಕೆಲವರು ನಿಜವಾಗಿ ಓಡಬೇಕಾದ ಅಂಕಿಯನ್ನೇ ಬದಿಗಿಟ್ಟು ಮಲಗಿಬಿಡುತ್ತಾರೆ. ಈ ಇಬ್ಬರಿಗೂ ಉಪಯೋಗವಾಗಲಿ ಎಂದು ಈ ಪುಟ. ಇಲ್ಲಿರುವ ಅಂಕಿಗಳು ದೊಡ್ಡವರಿಗೆ ಮಾತ್ರ. ಮಕ್ಕಳ ಮತ್ತು ಬಸುರಿಯರ ಲೆಕ್ಕ ಬೇರೆ.

ಒಂದು ಅಂಕಿ ಮಿತಿಯಿಂದ ಹೊರಗಿದೆ. ಅಂದರೆ ನನಗೆ ಕಾಯಿಲೆ ಇದೆಯಾ?

ಅಷ್ಟರಿಂದಲೇ ಹೇಳಲು ಆಗುವುದಿಲ್ಲ. ‘ನಾರ್ಮಲ್ ರೇಂಜ್’ ಹೇಗೆ ಬರುತ್ತದೆ ನೋಡಿ. ಆರೋಗ್ಯವಾಗಿರುವ ಬಹಳಷ್ಟು ಜನರ ರಕ್ತ ಪರೀಕ್ಷೆ ಮಾಡುತ್ತಾರೆ. ಬಂದ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುತ್ತಾರೆ. ಕೆಳಗಿನ ಶೇ 2.5, ಮೇಲಿನ ಶೇ 2.5 ಬಿಟ್ಟು ನಡುವಿನ ಶೇ 95 ಭಾಗವನ್ನು ನಾರ್ಮಲ್ ಎನ್ನುತ್ತಾರೆ. ಹಾಗಾಗಿ ಯಾವ ತೊಂದರೆಯೂ ಇಲ್ಲದ 20 ಜನರಲ್ಲಿ ಒಬ್ಬರು ಲೆಕ್ಕದ ಪ್ರಕಾರವೇ ಹೊರಗೆ ಬೀಳುತ್ತಾರೆ. ಒಬ್ಬರಿಗೇ ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್ ಮಾಡಿದರೆ? ಆರೋಗ್ಯವಂತರಲ್ಲೂ ಒಂದಾದರೂ ಅಂಕಿ ಮಿತಿ ದಾಟುವ ಸಾಧ್ಯತೆ ಸುಮಾರು ಶೇ 64. ಅರವತ್ತು ಎಪ್ಪತ್ತು ಅಂಕಿಗಳ ಹೆಲ್ತ್ ಪ್ಯಾಕೇಜಿನಲ್ಲಿ ಎಲ್ಲವೂ ಸರಿ ಬಂದರೆ ಅದೇ ಅಪರೂಪ.

ಎಷ್ಟು ಹೊರಗಿದೆ ಅನ್ನುವುದು ಮುಖ್ಯ. ಲಿವರಿನ ಟೆಸ್ಟಾದ, ಮಿತಿ 40 ಇರುವ ಎಸ್‌ಜಿಪಿಟಿ 46 ಬರುವುದಕ್ಕೂ 900 ಬರುವುದಕ್ಕೂ ಹೋಲಿಕೆಯೇ ಇಲ್ಲ. ಕಂಪ್ಯೂಟರ್ ಎರಡಕ್ಕೂ ‘ಹೈ’ ಎಂದೇ ಗುರುತು ಹಾಕುತ್ತದೆ.

ಸಕ್ಕರೆ ಮತ್ತು ಕೊಲೆಸ್ಟ್ರಾಲ್ ವಿಷಯ ಸ್ವಲ್ಪ ಬೇರೆ. ಅವುಗಳ ಮಿತಿಯನ್ನು ಎಷ್ಟು ಜನರಲ್ಲಿ ಎಷ್ಟಿದೆ ಎಂದು ನೋಡಿ ಇಟ್ಟದ್ದಲ್ಲ. ಯಾವ ಮಟ್ಟ ದಾಟಿದರೆ ಕಣ್ಣಿಗೆ, ಹೃದಯಕ್ಕೆ ತೊಂದರೆ ಹೆಚ್ಚುತ್ತದೆ ಎಂದು ನೋಡಿ ಇಟ್ಟದ್ದು. ‘ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟೇ ಇರುತ್ತದೆ’ ಎಂಬ ಸಮಾಧಾನ ಅಲ್ಲಿ ನಡೆಯುವುದಿಲ್ಲ.

ಯಾವ ಅಂಕಿ ಬಂದರೆ ಬೆಳಗಿನವರೆಗೆ ಕಾಯಬಾರದು?

ಈ ಪ್ರಶ್ನೆಯನ್ನು ಜನ ಕಡಿಮೆ ಕೇಳುತ್ತಾರೆ. ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಇದನ್ನೇ. ಸರಿಯಾಗಿ ನಡೆಯುವ ಲ್ಯಾಬಿನಲ್ಲಿ ಇಂಥ ಅಂಕಿಗಳ ಪಟ್ಟಿ ಇರುತ್ತದೆ. ಅದರಲ್ಲಿರುವುದು ಬಂದ ತಕ್ಷಣ ಡಾಕ್ಟರಿಗೋ ವಾರ್ಡಿಗೋ ಫೋನ್ ಮಾಡಲೇಬೇಕು. ಲಾಸ್ ಏಂಜಲೀಸ್‌ನ ರೋಗಶಾಸ್ತ್ರಜ್ಞ ಜಾರ್ಜ್ ಲುಂಡ್‌ಬರ್ಗ್ 1972ರಲ್ಲಿ ಬರೆದ ಮೇಲೆ ಈ ಪದ್ಧತಿ ಜಗತ್ತಿನೆಲ್ಲೆಡೆ ಹರಡಿತು. ಲ್ಯಾಬಿನಿಂದ ಲ್ಯಾಬಿಗೆ ಪಟ್ಟಿ ಸ್ವಲ್ಪ ಬದಲಾಗುತ್ತದೆ. ಆದರೆ ಸುಮಾರಾಗಿ ಹೀಗಿರುತ್ತದೆ:

ಪೊಟ್ಯಾಷಿಯಂ 2.5ಕ್ಕಿಂತ ಕಡಿಮೆ ಅಥವಾ 6.5ಕ್ಕಿಂತ ಜಾಸ್ತಿ. ಸೋಡಿಯಂ 120ಕ್ಕಿಂತ ಕಡಿಮೆ ಅಥವಾ 160ಕ್ಕಿಂತ ಜಾಸ್ತಿ. ಸಕ್ಕರೆ 54ಕ್ಕಿಂತ ಕಡಿಮೆ. ಸಕ್ಕರೆ 400 ದಾಟಿ ಜೊತೆಗೆ ವಾಂತಿ, ಏದುಸಿರು, ಮಂಪರು. ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ. ಪ್ಲೇಟ್‌ಲೆಟ್ 20 ಸಾವಿರಕ್ಕಿಂತ ಕಡಿಮೆ. ರಕ್ತ ತೆಳುವಾಗಿಸುವ ವಾರ್ಫರಿನ್, ಅಸಿಟ್ರೋಂನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಐಎನ್ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬ ಲೆಕ್ಕ) 5ಕ್ಕಿಂತ ಜಾಸ್ತಿ. ಎದೆನೋವಿನ ಜೊತೆ, ಹೃದಯಕ್ಕೆ ಪೆಟ್ಟಾದಾಗ ಹೆಚ್ಚುವ ಟ್ರೋಪೋನಿನ್ ಏರಿರುವುದು.

ಇವುಗಳಲ್ಲಿ ಯಾವುದಾದರೂ ಇದ್ದರೆ ವಾಟ್ಸಾಪಿನಲ್ಲಿ ಫಾರ್ವರ್ಡ್ ಮಾಡಿ ಉತ್ತರಕ್ಕೆ ಕಾಯಬೇಡಿ. ಹತ್ತಿರದ ಎಮರ್ಜೆನ್ಸಿಗೆ ಹೊರಡಿ, ಇಲ್ಲವೇ 108ಕ್ಕೆ ಕರೆ ಮಾಡಿ. ಸಕ್ಕರೆ ಕಡಿಮೆಯಾಗಿದ್ದು ರೋಗಿಗೆ ಎಚ್ಚರ ಇದ್ದರೆ, ಹೊರಡುವ ಮೊದಲೇ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸಕ್ಕೆ ಸಿಕ್ಕಿಕೊಳ್ಳುತ್ತದೆ.

ಅಪ್ಪನ ಪೊಟ್ಯಾಷಿಯಂ 6.1 ಬಂದಿದೆ. ಆದರೆ ಅವರು ಆರಾಮಾಗಿ ಕೂತು ಪೇಪರ್ ಓದುತ್ತಿದ್ದಾರೆ. ರಿಪೋರ್ಟ್ ತಪ್ಪಾ?

ತಪ್ಪಿರಬಹುದು. ಆದರೆ ತಪ್ಪು ಎಂದು ಅಂದುಕೊಂಡು ಸುಮ್ನೆ ಕೂರುವ ಅಂಕಿ ಇದಲ್ಲ.

ಪೊಟ್ಯಾಷಿಯಂ ಹೆಚ್ಚಿನ ಪಾಲು ಜೀವಕೋಶಗಳ ಒಳಗೆ ಇರುತ್ತದೆ. ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದರೆ ಅದು ಹೊರಗೆ ಸೋರಿ ಅಂಕಿ ಏರುತ್ತದೆ. ತೋಳಿಗೆ ಪಟ್ಟಿ ಬಿಗಿಯಾಗಿ ತುಂಬಾ ಹೊತ್ತು ಕಟ್ಟಿದರೆ, ಮುಷ್ಟಿ ಬಿಗಿಹಿಡಿದು ಬಿಟ್ಟು ಮಾಡಿಸಿದರೆ, ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೆ, ಸ್ಯಾಂಪಲ್ ಹಳ್ಳಿಯ ಕಲೆಕ್ಷನ್ ಸೆಂಟರಿನಿಂದ ನಗರದ ಲ್ಯಾಬಿಗೆ ಗಂಟೆಗಟ್ಟಲೆ ಬೈಕಿನಲ್ಲಿ ಬಂದರೆ, ಹೀಗೆಲ್ಲ ಆಗುತ್ತದೆ. ರಿಪೋರ್ಟಿನ ಕೆಳಗೆ ‘ಹೀಮೋಲೈಸ್ಡ್ ಸ್ಯಾಂಪಲ್’ (ಕಣಗಳು ಒಡೆದ ಸ್ಯಾಂಪಲ್) ಎಂಬ ಸಾಲು ಇದೆಯಾ ನೋಡಿ.

ಆದರೆ ಅಪ್ಪನಿಗೆ ಕಿಡ್ನಿ ತೊಂದರೆ ಇದ್ದರೆ, ಅಥವಾ ಬಿಪಿಗೆ ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ತರಹದ ಮಾತ್ರೆ ನಡೆಯುತ್ತಿದ್ದರೆ, ಅಂಕಿ ನಿಜವಿರುವ ಸಾಧ್ಯತೆ ಜಾಸ್ತಿ. ಪೊಟ್ಯಾಷಿಯಂ ಏರಿದಾಗ ಎಷ್ಟೋ ಜನರಿಗೆ ಏನೂ ಗೊತ್ತಾಗುವುದಿಲ್ಲ. ಹೃದಯದ ಲಯ ಇದ್ದಕ್ಕಿದ್ದಂತೆ ತಪ್ಪುತ್ತದೆ. ಅದಕ್ಕೇ ಅದೇ ದಿನ ಇಸಿಜಿ ಮಾಡಿಸಿ, ಬೇರೆ ಸ್ಯಾಂಪಲ್ ಕೊಡಬೇಕು. ಅಲ್ಲಿಯವರೆಗೆ ಎಳನೀರು, ಬಾಳೆಹಣ್ಣು, ಹಣ್ಣಿನ ರಸ ಬೇಡ. ಸುಸ್ತಾಗಿದ್ದಾರೆ ಎಂದು ಕಿಡ್ನಿ ರೋಗಿಗೆ ಪ್ರೀತಿಯಿಂದ ಎಳನೀರು ಕುಡಿಸುವುದು ನಮ್ಮಲ್ಲಿ ಸಾಮಾನ್ಯ. ಅದರಲ್ಲಿ ಪೊಟ್ಯಾಷಿಯಂ ತುಂಬಿರುತ್ತದೆ. ದಯವಿಟ್ಟು ಇದೊಂದನ್ನು ನೆನಪಿಡಿ.

ಸ್ಯಾಂಪಲ್ ಕೊಡುವಾಗ ನಾವೇ ಏನಾದರೂ ತಪ್ಪು ಮಾಡುತ್ತೇವಾ?

ಲ್ಯಾಬಿನ ತಪ್ಪುಗಳಲ್ಲಿ ಬಹುಪಾಲು ನಡೆಯುವುದು ಯಂತ್ರದಲ್ಲಿ ಅಲ್ಲ, ರಕ್ತ ಯಂತ್ರಕ್ಕೆ ಹೋಗುವ ಮೊದಲು. ಖಾಲಿ ಹೊಟ್ಟೆ ಎಂದರೆ 8ರಿಂದ 12 ಗಂಟೆ ನೀರು ಬಿಟ್ಟು ಬೇರೇನೂ ಇಲ್ಲ. ಸಕ್ಕರೆ ಹಾಕದ ಕಾಫಿಯೂ ಬೇಡ. ಹಿಂದಿನ ದಿನ ಜಿಮ್ಮಿನಲ್ಲಿ ಜೋರು ಕಸರತ್ತು ಮಾಡಿದ್ದರೆ ಎಸ್‌ಜಿಒಟಿ ಏರಬಹುದು, ಯಾಕೆಂದರೆ ಅದು ಲಿವರಿನಲ್ಲಿ ಮಾತ್ರವಲ್ಲ, ಮಾಂಸಖಂಡದಲ್ಲೂ ಇದೆ. ರಾತ್ರಿ ಮಾಂಸದೂಟ ಗಡದ್ದಾಗಿ ಆಗಿದ್ದರೆ, ಕಿಡ್ನಿಯ ಕೆಲಸ ನೋಡಲು ಮಾಡುವ ಕ್ರಿಯಾಟಿನಿನ್ ಸ್ವಲ್ಪ ಮೇಲೆ ಹೋಗುತ್ತದೆ.

ಕೂದಲು ಉದುರುತ್ತದೆ ಎಂದು ಬಯೋಟಿನ್ ಮಾತ್ರೆ ನುಂಗುವವರು ಜಾಸ್ತಿಯಾಗಿದ್ದಾರೆ. ಕೆಲವು ಯಂತ್ರಗಳಲ್ಲಿ ಅದರಿಂದ ಥೈರಾಯ್ಡ್ ರಿಪೋರ್ಟೇ ಕೆಡುತ್ತದೆ. ಟಿಎಸ್ಎಚ್ ಸುಳ್ಳಾಗಿ ಕಡಿಮೆ, ಟಿ4 ಸುಳ್ಳಾಗಿ ಜಾಸ್ತಿ ಕಾಣುತ್ತದೆ. ಟೆಸ್ಟಿಗೆ ಕಡೇಪಕ್ಷ ಎರಡು ದಿನ ಮೊದಲು ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ.

ಆಸ್ಪತ್ರೆಯಲ್ಲಿ ಡ್ರಿಪ್ ಹೋಗುತ್ತಿರುವ ಕೈಯಿಂದಲೇ ರಕ್ತ ತೆಗೆದರೆ ಗ್ಲೂಕೋಸ್ 500 ಬರಬಹುದು, ಹಿಮೋಗ್ಲೋಬಿನ್ ದಿಢೀರ್ ಇಳಿದಂತೆ ಕಾಣಬಹುದು. ‘ಇನ್ನೊಂದು ಕೈಯಿಂದ ತೆಗೀತೀರಾ?’ ಎಂದು ರೋಗಿಯ ಕಡೆಯವರು ಕೇಳಿದರೆ ಅದು ಅಧಿಕಪ್ರಸಂಗವಲ್ಲ. ಸಕ್ಕರೆಯ ಸ್ಯಾಂಪಲ್ ಬೂದು ಮುಚ್ಚಳದ ಟ್ಯೂಬಿಗೆ ಹೋಗಬೇಕು. ಬೇರೆ ಟ್ಯೂಬಿನಲ್ಲಿ ಹಾಗೇ ಇಟ್ಟರೆ ರಕ್ತಕಣಗಳು ಗಂಟೆಗೆ ಶೇ 5ರಿಂದ 7ರಷ್ಟು ಗ್ಲೂಕೋಸನ್ನು ತಿಂದುಬಿಡುತ್ತವೆ.

ಡೆಂಗಿ ಬಂದಿದೆ, ಪ್ಲೇಟ್‌ಲೆಟ್ 45 ಸಾವಿರಕ್ಕೆ ಇಳಿದಿದೆ. ಪ್ಲೇಟ್‌ಲೆಟ್ ಕೊಡಿಸಲೇಬೇಕಲ್ವಾ?

ಮಳೆಗಾಲ ಬಂದರೆ ಊರೂರಿನಲ್ಲಿ ಇದೇ ಪ್ರಶ್ನೆ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಅಧಿಸೂಚನೆ ಹೊರಡಿಸುವಷ್ಟು ಅದು ಹರಡಿತ್ತು. ಆಗೆಲ್ಲ ಮನೆಯವರ ಕಣ್ಣು ಒಂದೇ ಅಂಕಿಯ ಮೇಲೆ ಇರುತ್ತದೆ. ಬೆಳಿಗ್ಗೆ 60, ಸಂಜೆ 45, ಇನ್ನೇನು ಗತಿ ಎಂದು ದಾನಿಗಳಿಗಾಗಿ ಫೋನ್ ಮೇಲೆ ಫೋನ್.

ಡೆಂಗಿಯಲ್ಲಿ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಪ್ಲೇಟ್‌ಲೆಟ್ ಇಳಿಯುವುದಲ್ಲ. ಸಣ್ಣ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುವುದು. ಹಾಗೆ ಸೋರಿದಾಗ ರಕ್ತ ಗಟ್ಟಿಯಾಗುತ್ತದೆ, ಬಿಪಿ ಕುಸಿಯುತ್ತದೆ. ಇದನ್ನು ತೋರಿಸುವ ಅಂಕಿ ಹಿಮಟೋಕ್ರಿಟ್. ರಿಪೋರ್ಟಿನಲ್ಲಿ ಪಿಸಿವಿ ಎಂದೂ ಇರುತ್ತದೆ. ಪ್ಲೇಟ್‌ಲೆಟ್ ಇಳಿಯುತ್ತಾ ಪಿಸಿವಿ ಏರುತ್ತಿದ್ದರೆ ಎಚ್ಚರ. ಇದು ಸಾಮಾನ್ಯವಾಗಿ ಆಗುವುದು ಜ್ವರ ಬಿಡುವ ಹೊತ್ತಿಗೆ, ಮೂರರಿಂದ ಏಳನೇ ದಿನದ ನಡುವೆ. ‘ಜ್ವರ ಬಿಟ್ಟಿತು, ಗೆದ್ದೆವು’ ಎಂದು ಮನೆಗೆ ಹೊರಡುವ ದಿನವೇ ಅಪಾಯದ ದಿನ. ತಡೆಯಲಾರದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ಕಪ್ಪು ಮಲ, ಮೂತ್ರ ಕಡಿಮೆ, ಕೈಕಾಲು ತಣ್ಣಗೆ, ಮಂಕು: ಇವುಗಳಲ್ಲಿ ಒಂದು ಕಂಡರೂ ಪ್ಲೇಟ್‌ಲೆಟ್ ಎಷ್ಟೇ ಇರಲಿ, ಆಸ್ಪತ್ರೆಗೆ ಹೋಗಿ.

ರಕ್ತಸ್ರಾವ ಇಲ್ಲದವರಿಗೆ ಸಾಮಾನ್ಯವಾಗಿ 10 ಸಾವಿರಕ್ಕಿಂತ ಕೆಳಗೆ ಬಂದಾಗ ಮಾತ್ರ ಪ್ಲೇಟ್‌ಲೆಟ್ ಕೊಡುವ ಯೋಚನೆ ಮಾಡುತ್ತಾರೆ. ರಕ್ತಸ್ರಾವ ಇದ್ದರೆ ಲೆಕ್ಕ ಬೇರೆ. ಬೇಡದೆ ಕೊಟ್ಟರೆ ಅಲರ್ಜಿ, ಶ್ವಾಸಕೋಶದ ತೊಂದರೆ ಆಗಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಬ್ರೂಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ತಾವಾಗಿಯೇ ತೆಗೆದುಕೊಳ್ಳಬಾರದು. ಮೊದಲಿನಿಂದ ಹೃದಯಕ್ಕೆ ಆಸ್ಪಿರಿನ್ ನಡೆಯುತ್ತಿದ್ದರೆ ಡಾಕ್ಟರನ್ನು ಕೇಳಿಯೇ ಮುಂದಿನ ಹೆಜ್ಜೆ.

ಮಲೆನಾಡಿನವರಿಗೆ ಇನ್ನೊಂದು ಮಾತು. ಮಂಗನ ಕಾಯಿಲೆಯಲ್ಲೂ ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಇಳಿಯುತ್ತವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು. ಮಳೆಗಾಲಕ್ಕೆ ಮುಂಚಿನ ಒಣ ತಿಂಗಳುಗಳಲ್ಲಿ ಜ್ವರ ಬಂದು, ನೀವು ಕಾಡಿಗೆ ಸೊಪ್ಪಿಗೋ ದರಗಿಗೋ ಹೋಗಿದ್ದರೆ, ಉಣ್ಣೆ ಕಚ್ಚಿದ್ದರೆ, ಹತ್ತಿರದಲ್ಲಿ ಮಂಗ ಸತ್ತಿದ್ದರೆ, ಅದನ್ನು ಡಾಕ್ಟರಿಗೆ ಹೇಳಿ. ಪ್ಲೇಟ್‌ಲೆಟ್ ಅಂಕಿ ಇದನ್ನೆಲ್ಲ ಹೇಳುವುದಿಲ್ಲ.

ಜ್ವರವಿಲ್ಲ, ಏನಿಲ್ಲ. ಆದರೂ ಪ್ಲೇಟ್‌ಲೆಟ್ 40 ಸಾವಿರ ಅಂತ ಬಂದಿದೆ?

ಮೊದಲು ‘ಪೆರಿಫೆರಲ್ ಸ್ಮಿಯರ್’ (ಗಾಜಿನ ಮೇಲೆ ರಕ್ತದ ಹನಿ ಸವರಿ ನೋಡುವುದು) ನೋಡಿಸಿ. ಕೆಲವರ ಪ್ಲೇಟ್‌ಲೆಟ್‌ಗಳು ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಸೋಕಿದ ಕೂಡಲೇ ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಯಂತ್ರ ಗುಂಪನ್ನು ಎಣಿಸಲಾರದು. ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿದರೆ ಗೊತ್ತಾಗುತ್ತದೆ. ಸಿಟ್ರೇಟ್ ಇರುವ ಬೇರೆ ಟ್ಯೂಬಿನಲ್ಲಿ ತೆಗೆದರೆ ಸರಿಯಾದ ಅಂಕಿ ಬರುತ್ತದೆ. ಒಮ್ಮೆ ಹೀಗೆ ಗೊತ್ತಾದರೆ ಫೈಲಿನ ಮೊದಲ ಹಾಳೆಯಲ್ಲೇ ಬರೆದಿಡಿ.

ವೈಡಲ್ ಪಾಸಿಟಿವ್. ಟೈಫಾಯಿಡ್ ಖಚಿತವಾ?

ಇಲ್ಲ. ಇಷ್ಟು ಬಳಕೆಯಲ್ಲಿದ್ದು ಇಷ್ಟು ತಪ್ಪು ದಾರಿ ತೋರಿಸುವ ಟೆಸ್ಟ್ ನಮ್ಮಲ್ಲಿ ಇನ್ನೊಂದು ಸಿಗುವುದು ಕಷ್ಟ. ಫ್ರಾನ್ಸಿನ ಜಾರ್ಜ್ ಫರ್ನಾಂದ್ ವಿದಾಲ್ 1896ರಲ್ಲಿ ತೋರಿಸಿಕೊಟ್ಟ ವಿಧಾನ ಅದು. ನಮ್ಮ ದೇಹ ಟೈಫಾಯಿಡ್ ರೋಗಾಣುವಿನ ವಿರುದ್ಧ ಮಾಡಿದ ಪ್ರತಿಕಾಯವನ್ನು ಅದು ಹುಡುಕುತ್ತದೆ, ರೋಗಾಣುವನ್ನಲ್ಲ. ಟೈಫಾಯಿಡ್ ಓಡಾಡುವ ಊರಿನಲ್ಲಿ ಹಿಂದೆ ಯಾವಾಗಲೋ ಸೋಂಕು ತಗುಲಿದವರಿಗೂ, ಲಸಿಕೆ ಹಾಕಿಸಿಕೊಂಡವರಿಗೂ ಪಾಸಿಟಿವ್ ಬರಬಹುದು. ಮಲೇರಿಯಾದಂಥ ಬೇರೆ ಜ್ವರದಲ್ಲೂ ಬರಬಹುದು. ಜ್ವರದ ಮೊದಲ ವಾರದಲ್ಲಿ ನಿಜವಾದ ಟೈಫಾಯಿಡ್ ಇದ್ದರೂ ನೆಗೆಟಿವ್ ಬರಬಹುದು.

ಜ್ವರ ಬಂದ ಎರಡನೇ ದಿನವೇ ವೈಡಲ್ ಮಾಡಿಸಿ, ‘1:80 ಇದೆ, ಟೈಫಾಯಿಡ್’ ಎಂದು ಆಂಟಿಬಯೋಟಿಕ್ ಶುರು ಮಾಡಿದರೆ ಎರಡು ನಷ್ಟ. ಜ್ವರದ ನಿಜವಾದ ಕಾರಣ ಮುಚ್ಚಿಹೋಗುತ್ತದೆ. ಬೇಡದ ಔಷಧಿಗೆ ರೋಗಾಣುಗಳು ಒಗ್ಗಿಕೊಳ್ಳುತ್ತವೆ. ಟೈಫಾಯಿಡ್ ಅನುಮಾನ ಬಲವಾಗಿದ್ದರೆ, ಆಂಟಿಬಯೋಟಿಕ್ ಕೊಡುವ ಮೊದಲೇ ಬ್ಲಡ್ ಕಲ್ಚರ್‌ಗೆ ಸ್ಯಾಂಪಲ್ ತೆಗೆಯಬೇಕು. ಅದೂ ಎಲ್ಲ ಟೈಫಾಯಿಡನ್ನು ಹಿಡಿಯುವುದಿಲ್ಲ. ಆದರೆ ರೋಗಾಣು ಬೆಳೆದರೆ ಅದು ಖಚಿತ ಸಾಕ್ಷಿ, ಯಾವ ಔಷಧಿ ಕೆಲಸ ಮಾಡುತ್ತದೆ ಎಂದೂ ತಿಳಿಯುತ್ತದೆ. ‘ಕಲ್ಚರ್ ಮಾಡಿಸಬಹುದಾ ಡಾಕ್ಟ್ರೇ?’ ಎಂದು ಕೇಳಲು ಸಂಕೋಚ ಬೇಡ.

ಖಾಲಿ ಹೊಟ್ಟೆಯ ಸಕ್ಕರೆ 118. ನನಗೆ ಶುಗರ್ ಬಂತಾ?

ಇನ್ನೂ ಇಲ್ಲ, ಆದರೆ ಬಾಗಿಲ ಹತ್ತಿರ ಇದ್ದೀರಿ. ಖಾಲಿ ಹೊಟ್ಟೆಯಲ್ಲಿ 100ರಿಂದ 125 ಇದ್ದರೆ ಪ್ರೀಡಯಾಬಿಟಿಸ್, 126 ಮತ್ತು ಮೇಲೆ ಡಯಾಬಿಟಿಸ್. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಪ್ರೀಡಯಾಬಿಟಿಸ್, 6.5 ಮತ್ತು ಮೇಲೆ ಡಯಾಬಿಟಿಸ್. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು ಇಂಥದ್ದೇನೂ ಇಲ್ಲದಿದ್ದರೆ ಒಂದೇ ಅಂಕಿ ನಂಬಿ ಹೆಸರು ಹಚ್ಚುವುದಿಲ್ಲ. ಇನ್ನೊಂದು ಟೆಸ್ಟಿನಲ್ಲೂ ಖಚಿತವಾಗಬೇಕು.

ಎಚ್‌ಬಿಎ1ಸಿ ದಾರಿ ತಪ್ಪಿಸುವ ಸಂದರ್ಭಗಳೂ ಇವೆ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಅದು ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಇತ್ತೀಚೆಗೆ ರಕ್ತ ಹೋಗಿದ್ದರೆ, ರಕ್ತ ಕೊಡಿಸಿದ್ದರೆ, ಕೆಂಪು ಕಣಗಳು ಬೇಗ ಒಡೆಯುವ ಕಾಯಿಲೆ ಇದ್ದರೆ ಕಡಿಮೆ ತೋರಿಸಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಎಂದು ಎಲ್ಲರಿಗೂ ಗೊತ್ತು. ಹಾಗಾಗಿ ಎಚ್‌ಬಿಎ1ಸಿ ಜೊತೆ ಹಿಮೋಗ್ಲೋಬಿನ್ ಕೂಡ ನೋಡಬೇಕು. ಮನೆಯ ಗ್ಲೂಕೋಮೀಟರಿನ ಅಂಕಿಗೂ ಎಚ್‌ಬಿಎ1ಸಿಗೂ ತಾಳೆಯಾಗದಿದ್ದರೆ ಇಲ್ಲೇ ಮೊದಲು ಹುಡುಕಿ.

ಅಮ್ಮನ ಕ್ರಿಯಾಟಿನಿನ್ 1.1. ನಾರ್ಮಲ್ ಅಂತಲೇ ಇದೆ. ಡಾಕ್ಟರು ಕಿಡ್ನಿ ಬಗ್ಗೆ ಯಾಕೆ ಮಾತಾಡುತ್ತಿದ್ದಾರೆ?

ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ. ಮೈಕಟ್ಟಿನ ಹುಡುಗನಲ್ಲಿ ಅದು ಜಾಸ್ತಿ ಹುಟ್ಟುತ್ತದೆ, ವಯಸ್ಸಾದ ತೆಳ್ಳಗಿನ ಹೆಂಗಸಿನಲ್ಲಿ ಕಡಿಮೆ. ಅದಕ್ಕೇ ಅಂಕಿಯನ್ನು ವಯಸ್ಸು ಮತ್ತು ಲಿಂಗದ ಜೊತೆ ಸೇರಿಸಿ ಇಜಿಎಫ್ಆರ್, ಅಂದರೆ ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂಬ ಲೆಕ್ಕ ಹಾಕುತ್ತಾರೆ. 2021ರ ಸೂತ್ರದಲ್ಲಿ 1.1 ಹಾಕಿದರೆ 25 ವರ್ಷದ ಗಂಡಿಗೆ ಸುಮಾರು 95 ಬರುತ್ತದೆ, ತೊಂದರೆ ಇಲ್ಲ. ಅದೇ 1.1, 75 ವರ್ಷದ ಹೆಂಗಸಿಗೆ ಸುಮಾರು 52. ಇಜಿಎಫ್ಆರ್ 60ಕ್ಕಿಂತ ಕಡಿಮೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ.

ಅಮ್ಮನ ವಿಷಯದಲ್ಲಿ ಇದರ ಅರ್ಥ ಏನು? ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿದೆಯಾ ನೋಡಿಸಬೇಕು. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ನಿಲ್ಲಿಸಬೇಕು. ಬೇರೆ ಔಷಧಿಗಳ ಪ್ರಮಾಣ ಸರಿ ಇದೆಯಾ ಪರಿಶೀಲಿಸಬೇಕು. ಡಯಾಲಿಸಿಸ್ ಎಂದು ಹೆದರುವ ಮಟ್ಟ ಇದಲ್ಲ.

ಅಂದರೆ ರಿಪೋರ್ಟ್ ನಾರ್ಮಲ್ ಇದ್ದರೂ ನಂಬಬಾರದಾ?

ನಂಬಬೇಕು, ಆದರೆ ರೋಗಿಯನ್ನು ಅದಕ್ಕಿಂತ ಹೆಚ್ಚು ನಂಬಬೇಕು. ಹೋದ ವರ್ಷ 16 ಇದ್ದ ಗಂಡಸಿನ ಹಿಮೋಗ್ಲೋಬಿನ್ ಈಗ 13.2 ಇದ್ದರೆ ರಿಪೋರ್ಟಿನಲ್ಲಿ ಯಾವ ಗುರುತೂ ಇರುವುದಿಲ್ಲ. ಆದರೆ ಸುಮಾರು ಮೂರು ಗ್ರಾಂ ಎಲ್ಲಿ ಹೋಯಿತು? ಕರುಳಿನಲ್ಲಿ ನಿಧಾನವಾಗಿ ರಕ್ತ ಹೋಗುತ್ತಿದೆಯಾ ಎಂದು ಹುಡುಕಲೇಬೇಕು. ಎದೆನೋವು ಶುರುವಾದ ಅರ್ಧ ಗಂಟೆಗೆ ಮಾಡಿದ ಟ್ರೋಪೋನಿನ್ ನಾರ್ಮಲ್ ಇರಬಹುದು. ಕೆಲವು ಗಂಟೆ ಬಿಟ್ಟು ಮತ್ತೆ ಮಾಡುವುದು ದುಡ್ಡಿಗಾಗಿ ಅಲ್ಲ. ಲಿವರ್ ಪೂರ್ತಿ ಗಟ್ಟಿಯಾಗಿ ಸಿರೋಸಿಸ್ ಆದವರಲ್ಲೂ ಎಸ್‌ಜಿಪಿಟಿ ನಾರ್ಮಲ್ ಇರಬಹುದು. ಅಲ್ಲಿ ಅಲ್ಬುಮಿನ್ ಮತ್ತು ಐಎನ್ಆರ್ ನಿಜ ಹೇಳುತ್ತವೆ.

ಟಿಎಸ್ಎಚ್ 6.2. ಇವತ್ತಿನಿಂದಲೇ ಮಾತ್ರೆ ಶುರು ಮಾಡಬೇಕಾ?

ಟಿ4 ಸರಿ ಇದ್ದು ಟಿಎಸ್ಎಚ್ 10ರೊಳಗೆ ಇದ್ದರೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ. ಎಷ್ಟೋ ಜನರಲ್ಲಿ ತಾನಾಗಿಯೇ ಸರಿಹೋಗುತ್ತದೆ. ಟಿಎಸ್ಎಚ್ ದಿನದ ಹೊತ್ತಿನ ಪ್ರಕಾರವೂ ಏರಿಳಿಯುತ್ತದೆ, ಜ್ವರದಿಂದ ಚೇತರಿಸಿಕೊಳ್ಳುವಾಗಲೂ ಸ್ವಲ್ಪ ಏರುತ್ತದೆ. ಬಸುರಿಯಾಗಿದ್ದರೆ ಅಥವಾ ಆ ಪ್ರಯತ್ನದಲ್ಲಿದ್ದರೆ ಮಾತ್ರ ಕಾಯಬೇಡಿ, ಕೂಡಲೇ ತೋರಿಸಿ. ಒಮ್ಮೆ ಶುರು ಮಾಡಿದ ಮಾತ್ರೆಯನ್ನು ‘ಈಗ ನಾರ್ಮಲ್ ಬಂದಿದೆ’ ಎಂದು ನೀವೇ ನಿಲ್ಲಿಸಬೇಡಿ. ನಾರ್ಮಲ್ ಬಂದಿರುವುದು ಮಾತ್ರೆಯಿಂದ.

ಬಿಲಿರುಬಿನ್ 2.1, ಬೇರೆಲ್ಲ ಸರಿ. ಜಾಂಡೀಸ್‌ಗೆ ನಾಟಿ ಔಷಧಿ ಕುಡಿಯಬೇಕಾ?

ಬೇಡ. ಎಸ್‌ಜಿಪಿಟಿ ನಾರ್ಮಲ್ ಇದ್ದು, ‘ಇನ್‌ಡೈರೆಕ್ಟ್’ ಬಿಲಿರುಬಿನ್ ಮಾತ್ರ ಏರಿದ್ದು, ರಕ್ತಕಣ ಒಡೆಯುತ್ತಿರುವ ಸೂಚನೆ ಇಲ್ಲದಿದ್ದರೆ ಅದು ಹೆಚ್ಚಾಗಿ ಗಿಲ್ಬರ್ಟ್ ಸಿಂಡ್ರೋಮ್. ಹುಟ್ಟಿನಿಂದ ಬಂದದ್ದು, ನಿರಪಾಯಕಾರಿ. ಉಪವಾಸ, ಜ್ವರ, ದಣಿವು ಇದ್ದಾಗ ಅಂಕಿ ಏರುತ್ತದೆ. ಏಕಾದಶಿ ಮಾಡಿದ ಮರುದಿನ ಟೆಸ್ಟ್ ಕೊಟ್ಟರೆ ಇನ್ನೂ ಏರಿರುತ್ತದೆ. ಏನಿದೆ ಎಂದು ಗೊತ್ತಿಲ್ಲದ ಬೇರು, ಸೊಪ್ಪಿನ ಔಷಧಿಗಳಲ್ಲಿ ಕೆಲವು ಲಿವರಿಗೇ ಪೆಟ್ಟು ಕೊಡುತ್ತವೆ. ಚೆನ್ನಾಗಿರುವ ಲಿವರನ್ನು ಹೀಗೆ ಕೆಡಿಸಿಕೊಳ್ಳಬಾರದು.

ಹಿಮೋಗ್ಲೋಬಿನ್ ಕಡಿಮೆ. ಕಬ್ಬಿಣದ ಮಾತ್ರೆ ತಿಂದರೂ ಏರುತ್ತಿಲ್ಲ. ಯಾಕೆ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಗಂಡಸರಿಗೆ 13, ಬಸುರಿಯಲ್ಲದ ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಹೆಚ್ಚಿನವರಲ್ಲಿ ಕಾರಣ ಕಬ್ಬಿಣದ ಕೊರತೆಯೇ. ಮಾತ್ರೆಯನ್ನು ಕಾಫಿ, ಟೀ, ಹಾಲು ಅಥವಾ ಕ್ಯಾಲ್ಸಿಯಂ ಮಾತ್ರೆ ಜೊತೆ ತೆಗೆದುಕೊಂಡರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಇದು ಮೊದಲ ಕಾರಣ. ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುವುದು, ಮೂಲವ್ಯಾಧಿ, ಕೊಕ್ಕೆಹುಳು ಇವು ಇದ್ದರೆ ಮೇಲಿನಿಂದ ತುಂಬಿದ್ದು ಕೆಳಗಿನಿಂದ ಖಾಲಿಯಾಗುತ್ತದೆ.

ಇನ್ನೊಂದು ಸಾಧ್ಯತೆಯನ್ನು ಜನ ಮರೆಯುತ್ತಾರೆ. ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) ತುಂಬಾ ಕಡಿಮೆ, ಆದರೆ ಕೆಂಪು ಕಣಗಳ ಎಣಿಕೆ ಚೆನ್ನಾಗಿಯೇ ಇದೆ ಎಂದರೆ ಥಲಸ್ಸೀಮಿಯಾ ಟ್ರೇಟ್, ಅಂದರೆ ವಂಶದಲ್ಲಿ ಬರುವ ಈ ರಕ್ತದ ಕಾಯಿಲೆಯ ಅರ್ಧ ಪಾಲು, ಇರಬಹುದು. ಹಿಮೋಗ್ಲೋಬಿನ್ ಎ2 ಶೇ 3.5ಕ್ಕಿಂತ ಜಾಸ್ತಿ ಇದ್ದರೆ ಖಚಿತವಾಗುತ್ತದೆ. ಟ್ರೇಟ್ ಇರುವವರಿಗೆ ಏನೂ ತೊಂದರೆ ಇಲ್ಲ. ಕಬ್ಬಿಣದ ಕೊರತೆ ಇಲ್ಲದಿದ್ದರೆ ಕಬ್ಬಿಣವೂ ಬೇಡ. ಆದರೆ ಗಂಡ ಹೆಂಡತಿ ಇಬ್ಬರಿಗೂ ಟ್ರೇಟ್ ಇದ್ದರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ, ಮಗುವಿಗೆ ಥಲಸ್ಸೀಮಿಯಾ ಮೇಜರ್ ಬರುತ್ತದೆ. ಆ ಮಗುವಿಗೆ ಮೇಲಿಂದ ಮೇಲೆ ರಕ್ತ ಕೊಡಿಸುತ್ತಲೇ ಇರಬೇಕು. ಜಾತಕ ನೋಡುವ ಮನೆಗಳು ಈ ಒಂದು ರಕ್ತ ಪರೀಕ್ಷೆಯನ್ನೂ ನೋಡಿದರೆ ಎಷ್ಟು ಕಣ್ಣೀರು ತಪ್ಪುತ್ತದೆ!

ಹೆಲ್ತ್ ಪ್ಯಾಕೇಜಿನಲ್ಲಿ ಕ್ಯಾನ್ಸರ್ ಮಾರ್ಕರ್ ಜಾಸ್ತಿ ಬಂದಿದೆ. ಕ್ಯಾನ್ಸರ್ ಇದೆಯಾ?

ಹೆಚ್ಚಿನ ಸಲ ಇರುವುದಿಲ್ಲ. ಅಂಡಾಶಯದ ಕ್ಯಾನ್ಸರಿಗೆ ನೋಡುವ ಸಿಎ-125 ಮುಟ್ಟಿನ ದಿನಗಳಲ್ಲಿ, ಎಂಡೋಮೆಟ್ರಿಯೋಸಿಸ್, ಫೈಬ್ರಾಯ್ಡ್, ಬಸಿರು, ಹೊಟ್ಟೆಯ ಕ್ಷಯ ಇದ್ದಾಗಲೂ ಏರುತ್ತದೆ. ಕರುಳಿನ ಕ್ಯಾನ್ಸರಿಗೆ ನೋಡುವ ಸಿಇಎ ಬೀಡಿ ಸಿಗರೇಟು ಸೇದುವವರಲ್ಲಿ ಜಾಸ್ತಿ. ಗಂಡಸರ ಪ್ರಾಸ್ಟೇಟ್ ಗ್ರಂಥಿಗೆ ನೋಡುವ ಪಿಎಸ್ಎ ಮೂತ್ರದ ಸೋಂಕಿನಲ್ಲೂ ಏರುತ್ತದೆ.

ಲೆಕ್ಕ ಹಾಕಿ ನೋಡಿ. ಸಾವಿರದಲ್ಲಿ ಒಬ್ಬರಿಗೆ ಇರುವ ಕಾಯಿಲೆ. ಟೆಸ್ಟ್ ಶೇ 99 ಸರಿ ಎಂದೇ ಇಟ್ಟುಕೊಳ್ಳಿ. ಸಾವಿರ ಜನರಿಗೆ ಮಾಡಿದರೆ ಕಾಯಿಲೆ ಇರುವ ಒಬ್ಬರು ಪಾಸಿಟಿವ್. ಕಾಯಿಲೆ ಇಲ್ಲದ 999 ಜನರಲ್ಲಿ ಶೇ 1, ಅಂದರೆ ಸುಮಾರು 10 ಜನರೂ ಪಾಸಿಟಿವ್. ಒಟ್ಟು 11 ಪಾಸಿಟಿವ್‌ಗಳಲ್ಲಿ ನಿಜವಾದದ್ದು ಒಂದೇ. ಟೆಸ್ಟ್ ಕೆಟ್ಟದ್ದಲ್ಲ, ಲಕ್ಷಣವೇ ಇಲ್ಲದವರಿಗೆ ಮಾಡಿದ್ದು ಸರಿಯಲ್ಲ. ಅದೇ ಟೆಸ್ಟನ್ನು ಅನುಮಾನ ಬಲವಾಗಿರುವವರಿಗೆ, ಅಥವಾ ಚಿಕಿತ್ಸೆ ಹೇಗೆ ನಡೆಯುತ್ತಿದೆ ಎಂದು ನೋಡಲು ಮಾಡಿದರೆ ಬಹಳ ಉಪಯುಕ್ತ. ಅಂಡಾಶಯದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವವರಿಗೆ ಸಿಎ-125 ಬೇಕೇ ಬೇಕು. ಈಗಾಗಲೇ ಏರಿದ ಅಂಕಿ ಕೈಯಲ್ಲಿದ್ದರೆ ಕಡೆಗಣಿಸಬೇಡಿ, ಆ ವಿಭಾಗದ ಡಾಕ್ಟರಿಗೆ ತೋರಿಸಿ. ಲೂಪಸ್‌ನಂಥ, ದೇಹ ತನ್ನ ಮೇಲೇ ತಿರುಗಿಬೀಳುವ ಕಾಯಿಲೆಗಳಿಗೆ ಮಾಡುವ ಎಎನ್ಎ ಟೆಸ್ಟಿಗೂ ಇದೇ ಮಾತು. ಕಡಿಮೆ ಟೈಟರಿನಲ್ಲಿ (ಪ್ರತಿಕಾಯದ ಪ್ರಮಾಣ ಕಡಿಮೆ ಇದ್ದಾಗ) ಅದು ಆರೋಗ್ಯವಂತರಲ್ಲೂ ಸಾಕಷ್ಟು ಜನರಿಗೆ ಪಾಸಿಟಿವ್.

ಬೇರೆ ಲ್ಯಾಬಿನಲ್ಲಿ ಮತ್ತೆ ಮಾಡಿಸಿದರೆ ಬೇರೆ ಅಂಕಿ ಬಂತು. ಯಾರನ್ನು ನಂಬುವುದು?

ಇಬ್ಬರೂ ಸರಿ ಇರಬಹುದು. ಯಂತ್ರ, ರಾಸಾಯನಿಕ ಬೇರೆಯಾದರೆ ಮಿತಿಯೂ ಬೇರೆ. ಆಯಾ ರಿಪೋರ್ಟಿನ ಅಂಕಿಯನ್ನು ಅದರದೇ ಮಿತಿಯ ಜೊತೆ ನೋಡಿ. ಕಾಯಿಲೆ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಲು ಒಂದೇ ಲ್ಯಾಬಿನಲ್ಲಿ, ಸುಮಾರು ಒಂದೇ ಹೊತ್ತಿನಲ್ಲಿ ಮಾಡಿಸುವುದು ಒಳ್ಳೆಯದು. ಹಿಮೋಗ್ಲೋಬಿನ್ 11.4 ಇದ್ದದ್ದು 11.1 ಆದರೆ ಅದು ಇಳಿದದ್ದಲ್ಲ. ಲ್ಯಾಬ್ ಆರಿಸುವಾಗ, ಲ್ಯಾಬುಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ ಎನ್ಎಬಿಎಲ್‌ನ ಮಾನ್ಯತೆ ಇದೆಯಾ ನೋಡಿ. ಅದು ಕಡ್ಡಾಯವಲ್ಲ. ತಾವಾಗಿ ಪಡೆದಿದ್ದಾರೆ ಎಂದರೆ ಗುಣಮಟ್ಟದ ಪರೀಕ್ಷೆಗೆ ಒಪ್ಪಿಕೊಂಡಿದ್ದಾರೆ ಎಂದು ಅರ್ಥ.

ಅಜ್ಜಿ ಐಸಿಯುನಲ್ಲಿದ್ದಾರೆ. ಸೋಡಿಯಂ 114. ಉಪ್ಪಿನ ನೀರು ಕೊಟ್ಟು ಬೇಗ ಏರಿಸಬಾರದಾ?

ಬೇಗ ಏರಿಸುವುದೇ ಅಪಾಯ. ಸೋಡಿಯಂ ದಿನಗಟ್ಟಲೆ ನಿಧಾನವಾಗಿ ಇಳಿದಾಗ ಮಿದುಳು ಅದಕ್ಕೆ ಹೊಂದಿಕೊಂಡಿರುತ್ತದೆ. 24 ಗಂಟೆಯಲ್ಲಿ 8ರಿಂದ 10 ಅಂಕಕ್ಕಿಂತ ಜಾಸ್ತಿ ಏರಿಸಿದರೆ ಮಿದುಳಿನ ನರಗಳಿಗೆ ಸರಿಪಡಿಸಲಾಗದ ಪೆಟ್ಟು ಬೀಳಬಹುದು. ‘ನಿನ್ನೆ 114, ಇವತ್ತು 120, ಇಷ್ಟೇನಾ?’ ಎಂದು ಬೇಸರ ಮಾಡಿಕೊಳ್ಳಬೇಡಿ, ಅದು ಒಳ್ಳೆಯ ಏರಿಕೆ. ವಯಸ್ಸಾದವರಲ್ಲಿ ಬಿಪಿಯ ಕೆಲವು ಮಾತ್ರೆಗಳು, ಅದರಲ್ಲೂ ಮೂತ್ರ ಹೆಚ್ಚಿಸುವ ಥಯಾಜೈಡ್ ಗುಂಪಿನವು, ಸೋಡಿಯಂ ಇಳಿಸುತ್ತವೆ. ಮನೆಯಲ್ಲಿರುವ ಎಲ್ಲ ಮಾತ್ರೆಗಳ ಶೀಟುಗಳನ್ನು ತಂದು ತೋರಿಸಿ.

ಐಸಿಯುನಲ್ಲಿ ದಿನಾ ಬರುವ ಅಂಕಿಗಳಲ್ಲಿ ಕೆಲವು ಚಿಕಿತ್ಸೆಯಿಂದಲೇ ಬದಲಾಗುತ್ತವೆ. ಸ್ಟೀರಾಯ್ಡ್ ಕೊಟ್ಟರೆ ಬಿಳಿ ಕಣಗಳೂ ಸಕ್ಕರೆಯೂ ಏರುತ್ತವೆ. ಡ್ರಿಪ್ ಜಾಸ್ತಿ ಹೋದರೆ ಹಿಮೋಗ್ಲೋಬಿನ್ ತೆಳುವಾಗಿ ಕಡಿಮೆ ಕಾಣುತ್ತದೆ. ಉರಿಯೂತ ತೋರಿಸುವ ಸಿಆರ್‌ಪಿ, ಸೋಂಕು ಶುರುವಾದ ಮೇಲೆ ಎರಡು ದಿನದವರೆಗೂ ಏರುತ್ತಾ ಇರುತ್ತದೆ, ಆಂಟಿಬಯೋಟಿಕ್ ಕೊಟ್ಟ ಮರುದಿನವೇ ಇಳಿಯಲಿಲ್ಲ ಎಂದರೆ ಔಷಧಿ ಸೋತಿತು ಎಂದಲ್ಲ. ಡಾಕ್ಟರನ್ನು ಒಂದೊಂದು ಅಂಕಿ ಹಿಡಿದು ಕೇಳುವ ಬದಲು ಹೀಗೆ ಕೇಳಿ ನೋಡಿ: ‘ನಿನ್ನೆಗಿಂತ ಇವತ್ತು ಹೇಗಿದ್ದಾರೆ? ಯಾವ ಅಂಕಿಯನ್ನು ನೀವು ಹೆಚ್ಚು ಗಮನಿಸುತ್ತಿದ್ದೀರಿ? ಅದು ಏನಾದರೆ ಚಿಕಿತ್ಸೆ ಬದಲಾಯಿಸುತ್ತೀರಿ?’ ಇದಕ್ಕೆ ಬರುವ ಉತ್ತರದಲ್ಲಿ ನಿಮಗೆ ಬೇಕಾದದ್ದು ಸಿಗುತ್ತದೆ.

ಡಾಕ್ಟರ ಹತ್ತಿರ ಹೋಗುವಾಗ ಏನು ತೆಗೆದುಕೊಂಡು ಹೋಗಬೇಕು?

ಹಳೆಯ ರಿಪೋರ್ಟುಗಳು, ತಾರೀಕಿನ ಪ್ರಕಾರ. ತಿನ್ನುತ್ತಿರುವ ಎಲ್ಲ ಮಾತ್ರೆ, ಚೂರ್ಣ, ಕಷಾಯ, ಪ್ರೋಟೀನ್ ಪುಡಿ. ಸ್ಯಾಂಪಲ್ ಕೊಟ್ಟ ದಿನ ಜ್ವರ, ಮುಟ್ಟು, ಉಪವಾಸ ಏನಾದರೂ ಇತ್ತಾ ಎಂಬ ಮಾಹಿತಿ. ಇಷ್ಟಿದ್ದರೆ ಎಷ್ಟೋ ಟೆಸ್ಟುಗಳ ಖರ್ಚು ಉಳಿಯುತ್ತದೆ.

ಮಗಳು ಲಂಡನ್ನಿನಲ್ಲಿದ್ದಾಳೆ. ಸಕ್ಕರೆ 7 ಅಂತಾಳೆ. ಅಷ್ಟು ಕಡಿಮೆಯಾ?

ಕಡಿಮೆ ಅಲ್ಲ, ಅಳತೆ ಬೇರೆ. ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಗ್ಲೂಕೋಸನ್ನು ಮಿಲಿಮೋಲ್‌ನಲ್ಲಿ ಹೇಳುತ್ತಾರೆ. ಅದನ್ನು 18ರಿಂದ ಗುಣಿಸಿದರೆ ನಮ್ಮ ಅಂಕಿ ಬರುತ್ತದೆ. ಅವಳ 7 ಅಂದರೆ ನಮ್ಮ 126. ಖಾಲಿ ಹೊಟ್ಟೆಯದಾದರೆ ಅದು ಸರಿಯಾಗಿ ಡಯಾಬಿಟಿಸ್‌ನ ಗೆರೆಯ ಮೇಲಿದೆ, ಮತ್ತೆ ಪರೀಕ್ಷೆ ಮಾಡಿಸಲು ಹೇಳಿ. ಅಲ್ಲಿಯ ಎಚ್‌ಬಿಎ1ಸಿ 48 ಅಂದರೆ ಇಲ್ಲಿಯ 6.5. ಕೊಲೆಸ್ಟ್ರಾಲ್ 5.2 ಅಂದರೆ 200. ಕ್ರಿಯಾಟಿನಿನ್ 88 ಅಂದರೆ ನಮ್ಮ 1.0. ಹಿಮೋಗ್ಲೋಬಿನ್ 120 ಅಂದರೆ 12. ಅಮೆರಿಕದಲ್ಲಿರುವವರಿಗೆ ಈ ಗೊಂದಲ ಇಲ್ಲ, ಅಲ್ಲಿಯೂ ನಮ್ಮ ಅಳತೆಯೇ.